ಮನೆಕೂಟದಲ್ಲಿ ರೋಮಾಪುರ 15:8–12 ಕಲಿಸುವ ಬಗೆ

ಒಂದು ಗಂಟೆ ಸಾಕು. ಅಪೊಸ್ತಲ ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿರುವ ಪತ್ರದ ಐದೇ ವಚನವಾದರೂ ಅದರೊಳಗೆ ಹಳೇ ಒಡಂಬಡಿಕೆಯ ನಾಲ್ಕು ಮಾತು ಕೂತಿವೆ. ನಾಲ್ಕು ಚೀಟಿ ಬರೆದು ಕೂಟಕ್ಕೆ ಮುಂಚೆಯೇ ಹಂಚಿಬಿಡಿ: ಕೀರ್ತನೆ 18:49, ಧರ್ಮೋಪದೇಶಕಾಂಡ 32:43, ಕೀರ್ತನೆ 117:1, ಯೆಶಾಯ 11:10. ಕೂತ ಮೇಲೆ ಹುಡುಕಿಸಿದರೆ ಪುಟ ತಿರುವುವುದರಲ್ಲೇ ಹೊತ್ತು ಹೋಗುತ್ತದೆ.

8, 9ನ್ನು ಜೋಡಿಯಾಗಿಯೇ ಓದಿಸಿ. 8ರಲ್ಲಿ ಪಿತೃಗಳಿಗೆ, ಅಂದರೆ ಇಸ್ರಾಯೇಲಿನ ಮೂಲಪುರುಷರಿಗೆ, ಕೊಟ್ಟ ವಾಗ್ದಾನ; 9ರಲ್ಲಿ ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಕರುಣೆ. 'ನಮ್ಮ ಪಾಲು' ಅಂತ ನೇರ 9ಕ್ಕೆ ಹಾರುವವರೇ ಹೆಚ್ಚು; ಎಡವುವುದೂ ಅಲ್ಲೇ. ದೇವರು ಇಸ್ರಾಯೇಲಿಗೆ ಕೊಟ್ಟ ಮಾತು ತಪ್ಪಿ ನಮ್ಮನ್ನು ಸೇರಿಸಿಕೊಂಡನು ಎಂದರೆ, ನಮಗೆ ಕೊಟ್ಟ ಮಾತನ್ನು ನಂಬುವುದಾದರೂ ಹೇಗೆ? ಆದಿಕಾಂಡ 12:3 ತೆಗೆಸಿ, ಭೂಮಿಯ ಎಲ್ಲಾ ಕುಲಗಳ ಆಶೀರ್ವಾದ ಅಬ್ರಹಾಮನ ವಾಗ್ದಾನದ ಒಳಗೇ ಇದೆ. ಆಮೇಲೆ ಆದಿಕಾಂಡ 15:17. ಒಡಂಬಡಿಕೆಗಾಗಿ ಕಡಿದಿಟ್ಟ ಪ್ರಾಣಿಗಳ ತುಂಡುಗಳ ನಡುವೆ ಹೊಗೆಯಾಡುವ ಒಲೆ, ಉರಿಯುವ ಪಂಜು ಹಾದುಹೋದವು. ಅಬ್ರಾಮ (ಅಬ್ರಹಾಮನ ಮೊದಲಿನ ಹೆಸರು) ಹಾದುಹೋಗಲಿಲ್ಲ, ಅವನಿಗೆ ಗಾಢ ನಿದ್ರೆ ಹತ್ತಿತ್ತು. ಒಡಂಬಡಿಕೆಯ ಭಾರ ಹೊತ್ತವರು ಯಾರು ಎಂದು ಕೇಳಿ, ಸ್ವಲ್ಪ ಸುಮ್ಮನಿರಿ. ಉತ್ತರ ಅವರಿಂದಲೇ ಬರಲಿ.

ಈಗ ಚೀಟಿಗಳು. ಪೌಲನ ಮಾತಿಗೂ ಹಳೇ ಒಡಂಬಡಿಕೆಯ ಮಾತಿಗೂ ಅಲ್ಲಲ್ಲಿ ವ್ಯತ್ಯಾಸ ಕಾಣುತ್ತದೆ, ಯೆಶಾಯದಲ್ಲಂತೂ ಎದ್ದು ಕಾಣುತ್ತದೆ. ಪೌಲ ಅನುಸರಿಸಿದ್ದು ಗ್ರೀಕ್ ಅನುವಾದವನ್ನು. ಅಷ್ಟು ಹೇಳಿ ಮುಂದೆ ಹೋಗಿ. ನಿಲ್ಲಬೇಕಾದದ್ದು ಕೀರ್ತನೆ 117ರಲ್ಲಿ. ಇಡೀ ಕೀರ್ತನೆಯೇ ಎರಡು ವಚನ, ಪೌಲ ಎತ್ತಿದ್ದು ಮೊದಲನೆಯದನ್ನು. ಎರಡನೆಯದನ್ನೂ ಓದಿಸಿ: ಜನಾಂಗಗಳು ಕೊಂಡಾಡಲು ಕಾರಣ 'ನಮ್ಮ' ಮೇಲಿನ, ಅಂದರೆ ಇಸ್ರಾಯೇಲಿನ ಮೇಲಿನ ಕೃಪೆ ಮತ್ತು ಸತ್ಯತೆ. ಬಳ್ಳಾರಿಯಾದರೆ ಕನ್ನಡದಲ್ಲೂ ತೆಲುಗಿನಲ್ಲೂ ಓದಿಸಿ. ಪೂರ್ತಿ ಬೈಬಲ್ ಕನ್ನಡದಲ್ಲಿ 1831ರಲ್ಲಿ ಅಚ್ಚಾದದ್ದೂ ಇದೇ ಊರಲ್ಲಿ.

ಉಳಿದ ಹೊತ್ತಿನಲ್ಲಿ ರೋಮಾಪುರ 11:17–24, ಎಣ್ಣೆಮರದ (ಆಲಿವ್ ಮರದ) ಭಾಗ: ಊರಮರ ಇಸ್ರಾಯೇಲು, ಅದಕ್ಕೆ ಕಸಿ ಕಟ್ಟಿದ ಕಾಡುಕೊಂಬೆ ಅನ್ಯಜನರು. ಕೊಪ್ಪಳದ ಮಾವಿನ ತೋಟದವರಿದ್ದರೆ ತಕರಾರು ಖಂಡಿತ: ಕಸಿ ಕಟ್ಟುವುದು ನಾಟಿ ಬೇರಿಗೆ ಒಳ್ಳೆ ಜಾತಿಯ ಕಡ್ಡಿಯನ್ನಲ್ಲವೇ? ತಕರಾರು ಸರಿಯೇ. ಇಲ್ಲಿ ದೇವರು ಕಾಡುಕೊಂಬೆಯನ್ನು ಊರಮರಕ್ಕೆ ಕಟ್ಟಿದ್ದಾನೆ, ಸ್ವಭಾವಕ್ಕೆ ವಿರುದ್ಧವೆಂದು 24ರಲ್ಲಿ ಪೌಲನೇ ಒಪ್ಪಿಕೊಳ್ಳುತ್ತಾನೆ. ಕಟ್ಟಿದ ಕೊಂಬೆಗೆ ಹೆಚ್ಚುಗಾರಿಕೆ ಇಲ್ಲವೆಂಬ 18ನೇ ವಚನ ಆಗ ತಾನಾಗಿ ಅರ್ಥವಾಗುತ್ತದೆ. ಇಸ್ರಾಯೇಲನ್ನು ಬೈಯುವ ಮಾತು ಬಂದರೂ ಇದೇ ವಚನಕ್ಕೆ ಎಳೆದು ತನ್ನಿ.

ಮಾತು ರೋಮಾಪುರ 9ನೇ ಅಧ್ಯಾಯದ ಆಯ್ಕೆಯ (ದೇವರು ಯಾರನ್ನು ಆರಿಸಿಕೊಳ್ಳುತ್ತಾನೆಂಬ ವಿಷಯದ) ಕಡೆ ಹೊರಳಿದರೆ ಮುಂದಿನ ವಾರಕ್ಕಿಡಿ. ಅದನ್ನು 11:32ರ ಜೊತೆ ಓದದೆ ಶುರು ಮಾಡಲೇಬೇಡಿ.