ಸಾವಿನ ದಿನ ಬೇರೆ, ದಾಖಲೆಯ ದಿನ ಬೇರೆ: ಮರಣ ನೋಂದಣಿಯ ವಿಳಂಬವನ್ನು ನಾನು ಅಳೆಯುವ ರೀತಿ

ಮರಣದ ಅಂಕಿಅಂಶಗಳ ಫೈಲು ಕೈಗೆ ಬಂದರೆ ನಾನು ಮೊದಲು ಹುಡುಕುವುದು ದಿನಾಂಕದ ಕಾಲಂಗಳನ್ನು. ಒಂದು ಸಾವಿಗೆ ಐದು ದಿನಾಂಕಗಳಿರುತ್ತವೆ: ಜೀವ ಹೋದ ದಿನ, ವೈದ್ಯರು ಕಾರಣ ಬರೆದು ಸಹಿ ಹಾಕಿದ ದಿನ, ನೋಂದಣಿ ಪುಸ್ತಕಕ್ಕೆ ಏರಿದ ದಿನ, ಕಾರಣಕ್ಕೆ ಕೋಡ್ ಕೊಟ್ಟ ದಿನ, ಜನರ ಕಣ್ಣಿಗೆ ಬಿದ್ದ ದಿನ. ಫೈಲಿನಲ್ಲಿ ಇವುಗಳಲ್ಲಿ ಒಂದೋ ಎರಡೋ ಇರುತ್ತವೆ, ಅದೂ ಎಷ್ಟೋ ಸಲ ಬರೀ ‘ದಿನಾಂಕ’ ಎಂಬ ತಲೆಬರಹದಡಿ. ಅದು ಯಾವ ದಿನಾಂಕ ಎಂದು ಖಾತ್ರಿಯಾಗುವವರೆಗೆ ನಾನು ಗ್ರಾಫ್ ಹಾಕುವುದಿಲ್ಲ. ‘ಸಾವುಗಳನ್ನು ಮುಚ್ಚಿಡುತ್ತಿದ್ದಾರೆ’ ಎಂಬ ದೂರುಗಳನ್ನು ಬಿಡಿಸಿ ನೋಡಿದಾಗ ಬಹಳಷ್ಟು ಈ ಐದು ದಿನಾಂಕಗಳ ನಡುವಿನ ಅಂತರದಲ್ಲೇ ಹುಟ್ಟಿರುತ್ತವೆ. ಎಲ್ಲವೂ ಅಲ್ಲ. ಯಾವುದು ಬರೀ ವಿಳಂಬ, ಯಾವುದು ಅದಕ್ಕಿಂತ ಹೆಚ್ಚಿನದು ಎಂದು ಬೇರ್ಪಡಿಸಬೇಕಾದರೆ ವಿಳಂಬವನ್ನು ಅಂದಾಜಿನಲ್ಲಿ ಬಿಡದೆ ಅಳೆಯಬೇಕು.

ತಲೆಬರಹ ಸ್ಪಷ್ಟವಿಲ್ಲದಿದ್ದರೆ ವಾರದ ಏಳು ದಿನಗಳಿಗೂ ಸಾಲುಗಳನ್ನು ಎಣಿಸಿ. ಸಾವು ವಾರ ನೋಡಿ ಬರುವುದಿಲ್ಲ. ಕಾಲಂನಲ್ಲಿರುವುದು ಸಾವಿನ ದಿನಾಂಕವೇ ಆಗಿದ್ದರೆ ಏಳೂ ದಿನ ಹೆಚ್ಚುಕಡಿಮೆ ಸಮವಾಗಿರುತ್ತವೆ. ಭಾನುವಾರ ಸೊನ್ನೆಗೆ ಹತ್ತಿರವಿದ್ದು ಸೋಮವಾರ, ಮಂಗಳವಾರ ಉಬ್ಬಿಕೊಂಡಿದ್ದರೆ ಅದು ಕಚೇರಿಯ ದಿನಾಂಕ. ಜನವರಿ 1ರಂದು ಅಥವಾ ತಿಂಗಳ ಮೊದಲ ದಿನಗಳಂದು ಸಾಲುಗಳು ರಾಶಿ ಬಿದ್ದಿದ್ದರೆ, ಗೊತ್ತಿಲ್ಲದ ದಿನಾಂಕಕ್ಕೆ ತಂತ್ರಾಂಶ ತಾನೇ ತುಂಬಿದ ಮೌಲ್ಯ ಅದು. ಆ ಸಾಲುಗಳನ್ನು ಬೇರೆ ಹಾಳೆಗೆ ಎತ್ತಿಡುತ್ತೇನೆ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ ಕೊಡುವ ಸರ್ಕಾರಿ ವ್ಯವಸ್ಥೆ) ಮರಣ ಸೂಚಿಯ ಹಳೆಯ ನಮೂದುಗಳಲ್ಲಿ ದಿನದ ಜಾಗದಲ್ಲಿ 00 ಎಂದಿದ್ದು, ತಿಂಗಳು ಮತ್ತು ವರ್ಷ ಮಾತ್ರ ಇರುವುದು ಸಾಮಾನ್ಯ.

ಮುಂದಿನ ಪ್ರಶ್ನೆ ಕಾನೂನಿನದು. ಭಾರತದಲ್ಲಿ ಸಾವನ್ನು 21 ದಿನಗಳೊಳಗೆ ವರದಿ ಮಾಡಬೇಕು. ಆಮೇಲೆ ತಡ ಶುಲ್ಕ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಸ್ಕಾಟ್ಲೆಂಡಿನಲ್ಲಿ ಗಡುವು 8 ದಿನ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಮಾನ್ಯ ಸಾವಿಗೆ 5 ದಿನ, ಆದರೆ ಕರೋನರ್ (ಅಸಹಜ ಸಾವುಗಳ ಕಾರಣ ವಿಚಾರಿಸುವ ಅಧಿಕಾರಿ) ವಿಚಾರಣೆಗೆ ಹೋದ ಸಾವು ಆ ವಿಚಾರಣೆ ಮುಗಿಯುವವರೆಗೆ ನೋಂದಣಿಯಾಗುವುದೇ ಇಲ್ಲ. ಹಾಗಾಗಿ ಅಲ್ಲಿ ಆತ್ಮಹತ್ಯೆಯ ಸಾವುಗಳು ಪುಸ್ತಕಕ್ಕೆ ಏರಲು ಹಲವು ತಿಂಗಳು ಹಿಡಿಯುತ್ತದೆ. ಈ ವರ್ಷದ ಆತ್ಮಹತ್ಯೆಗಳ ಸಂಖ್ಯೆ ಎಂದು ಓದುವುದರಲ್ಲಿ ಬಹುಪಾಲು ಹಿಂದಿನ ವರ್ಷದವೇ ಇರಬಹುದು. ಸ್ಕಾಟ್ಲೆಂಡಿನಲ್ಲಿ ತನಿಖೆ ನಡೆಯುತ್ತಿರುವಾಗಲೇ ನೋಂದಣಿಯಾಗುತ್ತದೆ, ಕಾರಣ ಮಾತ್ರ ಆಮೇಲೆ ತಿದ್ದುಪಡಿಯಾಗುತ್ತದೆ. ಅಕ್ಕಪಕ್ಕದ ಎರಡು ದೇಶಗಳ ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿ ಇಟ್ಟು, ಒಂದು ಕಡೆ ಏನೋ ಅಡಗಿಸಿದ್ದಾರೆ ಎನ್ನುವವರು ಈ ವ್ಯತ್ಯಾಸವನ್ನು ನೋಡಿರುವುದಿಲ್ಲ. ಅಮೆರಿಕದಲ್ಲಿ ಕಾರಣದ ಜಾಗದಲ್ಲಿ ‘ಬಾಕಿ ಇದೆ’ ಎಂದು ಬರೆದೇ ಪ್ರಮಾಣ ಪತ್ರ ಸಲ್ಲಿಸಬಹುದು. ರಕ್ತದಲ್ಲಿನ ವಿಷ, ಔಷಧಿಗಳ ಪರೀಕ್ಷೆಯ ವರದಿ ಬಂದ ಮೇಲೆ ಅದು ತುಂಬುತ್ತದೆ. ಅದಕ್ಕಾಗಿಯೇ ಅಲ್ಲಿನ ಮಾದಕವಸ್ತು ಮಿತಿಮೀರಿ ಸೇವಿಸಿ ಆದ ಸಾವುಗಳ ತಾತ್ಕಾಲಿಕ ಲೆಕ್ಕವನ್ನು ನಾಲ್ಕು ತಿಂಗಳು ತಡೆದು ಪ್ರಕಟಿಸುತ್ತಾರೆ. ಒಟ್ಟು ಸಾವುಗಳ ಎಣಿಕೆ ಬೇಗ ಬರುತ್ತದೆ, ಕಾರಣವಾರು ಎಣಿಕೆ ತಡವಾಗಿ ಬರುತ್ತದೆ. ಇವೆರಡಕ್ಕೂ ಒಂದೇ ಅಳತೆ ಹಾಕಬಾರದು.

ಇನ್ನು ಅಳೆಯುವ ಕೆಲಸ. ಇದಕ್ಕೆ ಬೇಕಾದ ಸಾಮಾನು ಕಡಿಮೆ: ಒಂದು ಸ್ಪ್ರೆಡ್‌ಶೀಟ್, ಮತ್ತು ಪ್ರತಿ ಬಿಡುಗಡೆಯ ಪ್ರತಿ. ಇಲಾಖೆ ಹೊಸ ಫೈಲು ಹಾಕಿದಾಗ ಹಳೆಯದರ ಮೇಲೆಯೇ ಬರೆದುಬಿಡುವುದು ರೂಢಿ. ಹಾಗಾಗಿ ಪ್ರತಿ ವಾರ ಅದೇ ದಿನ ಇಳಿಸಿಕೊಂಡು, ಇಳಿಸಿಕೊಂಡ ದಿನಾಂಕವನ್ನು ಫೈಲಿನ ಹೆಸರಿನಲ್ಲೇ ಸೇರಿಸಿ ಇಡುತ್ತೇನೆ. ಹಳೆಯ ಪ್ರತಿಯನ್ನು ತಿದ್ದುವುದಿಲ್ಲ, ಅಳಿಸುವುದಿಲ್ಲ. ಎಂಟರಿಂದ ಹನ್ನೆರಡು ವಾರದ ಪ್ರತಿಗಳು ಸೇರಿದರೆ ತ್ರಿಕೋನ ಕಟ್ಟಬಹುದು, ಅಂದರೆ ಹೊಸ ವಾರಗಳ ಸಾಲು ಕಿರಿದಾಗುತ್ತ ಹೋಗುವ ಕೋಷ್ಟಕ.

ಅಡ್ಡ ಸಾಲು ಸಾವು ಸಂಭವಿಸಿದ ವಾರ, ಉದ್ದ ಕಾಲಂ ಎಷ್ಟು ವಾರಗಳ ನಂತರ ಎಣಿಸಿದೆವು ಎಂಬುದು. ಲೆಕ್ಕ ಅರ್ಥವಾಗಲಿ ಎಂದು ಇಲ್ಲಿ ಕಾಲ್ಪನಿಕ ಸಂಖ್ಯೆಗಳನ್ನು ಕೊಡುತ್ತೇನೆ. ಮೊದಲ ವಾರದಲ್ಲಿ ಆದ ಸಾವುಗಳು ಒಂದು ವಾರಕ್ಕೆ 200, ಎರಡಕ್ಕೆ 560, ಮೂರಕ್ಕೆ 700, ನಾಲ್ಕಕ್ಕೆ 760 ಕಂಡವು. ಎರಡನೇ ವಾರದವು 220, 600, 740, 800. ಮೂರನೆಯದಕ್ಕೆ 180, 540, 680ರವರೆಗೆ ಮಾತ್ರ ಬಂದಿದೆ. ನಾಲ್ಕನೆಯದು 210, 580. ಐದನೆಯದು ಈಗಷ್ಟೇ ಬಂದದ್ದು, 150. ಕೊನೆಯ ಸಂಖ್ಯೆಗಳನ್ನಷ್ಟೇ ಗ್ರಾಫಿಗೆ ಹಾಕಿದರೆ 760, 800, 680, 580, 150 ಎಂದು ಜಾರುಬಂಡಿಯ ಹಾಗೆ ಇಳಿಯುತ್ತದೆ. ಸಾವು ಐದನೇ ಒಂದು ಭಾಗಕ್ಕೆ ಇಳಿಯಿತು ಎಂದು ಒಬ್ಬರು ಹಿಗ್ಗುತ್ತಾರೆ. ಮುಂದಿನ ತಿಂಗಳು ಅದೇ ವಾರದ ಅಂಕಿ 150ರಿಂದ 700 ದಾಟಿದಾಗ ಇನ್ನೊಬ್ಬರು ‘ಆಗ ಮುಚ್ಚಿಟ್ಟಿದ್ದರು’ ಎನ್ನುತ್ತಾರೆ. ಇಬ್ಬರೂ ತುಂಬದ ಪಾತ್ರೆಯನ್ನು ತುಂಬಿದೆ ಎಂದುಕೊಂಡು ಅಳೆದವರೇ.

ಸರಿಪಡಿಸುವುದು ಹೀಗೆ. ಒಂದನೇ ಕಾಲಂನಿಂದ ಎರಡನೆಯದಕ್ಕೆ ಎಷ್ಟು ಪಟ್ಟು ಬೆಳೆಯುತ್ತದೆ ಎಂದು ಎರಡೂ ಅಂಕಿ ಇರುವ ಸಾಲುಗಳನ್ನು ಕೂಡಿಸಿ ನೋಡಿ: 2,280 ಭಾಗಿಸು 810, ಅಂದರೆ 2.815. ಎರಡರಿಂದ ಮೂರಕ್ಕೆ 2,120 ಭಾಗಿಸು 1,700, ಅಂದರೆ 1.247. ಮೂರರಿಂದ ನಾಲ್ಕಕ್ಕೆ 1,560 ಭಾಗಿಸು 1,440, ಅಂದರೆ 1.083. ಐದನೇ ವಾರದ 150ನ್ನು ಈ ಮೂರರಿಂದಲೂ ಗುಣಿಸಿದರೆ ಸುಮಾರು 570. ನಾಲ್ಕನೇ ವಾರದ 580 ಸುಮಾರು 784 ಆಗುತ್ತದೆ, ಮೂರನೆಯದರ 680 ಸುಮಾರು 737. ವಿಮೆ ಕಂಪನಿಗಳ ಲೆಕ್ಕಿಗರು ಬಾಕಿ ಕ್ಲೇಮುಗಳಿಗೆ ಬಹುಕಾಲದಿಂದ ಬಳಸುತ್ತಿರುವ ವಿಧಾನವೇ ಇದು.

570 ಎಂದರೂ ಇಳಿಕೆಯೇ ಅಲ್ಲವೇ? ಇಲ್ಲಿ ರಜೆಯ ಪಟ್ಟಿ ತೆರೆಯಬೇಕು. ಆ ವಾರದ ಐದು ಕೆಲಸದ ದಿನಗಳಲ್ಲಿ ಒಂದು ರಜೆಯಿದ್ದರೆ ಕಚೇರಿ ನಾಲ್ಕು ದಿನ ಮಾತ್ರ ಬರೆದುಕೊಂಡಿದೆ. 5 ಭಾಗಿಸು 4ರಿಂದ ಗುಣಿಸಿದರೆ ಸುಮಾರು 713, ಉಳಿದ ವಾರಗಳ ಸಾಲಿಗೇ ಬಂದು ನಿಲ್ಲುತ್ತದೆ. ಇಂಗ್ಲೆಂಡಿನಲ್ಲಿ ನೋಂದಣಿ ದಿನಾಂಕದ ವಾರದ ಲೆಕ್ಕ ಕ್ರಿಸ್‌ಮಸ್ ಮತ್ತು ಈಸ್ಟರ್ ವಾರಗಳಲ್ಲಿ ಕುಸಿದು, ನಂತರದ ವಾರದಲ್ಲಿ ಜಿಗಿಯುವುದಕ್ಕೆ ಇದೇ ಕಾರಣ. ಒಂದೇ ಒಂದು ವಾರದ ಕುಸಿತ ಅಥವಾ ಜಿಗಿತದ ಮೇಲೆ ನಾನು ಮಾತಾಡುವುದಿಲ್ಲ. ಅಕ್ಕಪಕ್ಕದ ವಾರವನ್ನೂ ಕೂಡಿಸಿ ನೋಡುತ್ತೇನೆ.

ಮೊದಲ ಕಾಲಂನ ಗುಣಕ ದೊಡ್ಡದಿರುವುದರಿಂದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಮೇಲಿನ ಉದಾಹರಣೆಯಲ್ಲಿ 30 ಸಾಲು ಹೆಚ್ಚುಕಡಿಮೆಯಾದರೆ ಅಂದಾಜು 114ರಷ್ಟು ಅಲುಗುತ್ತದೆ. ಆದ್ದರಿಂದ ಒಂದೇ ಅಂಕಿ ಕೊಡದೆ, ಹಿಂದಿನ ವಾರಗಳಲ್ಲಿ ಕಂಡ ಅತಿ ಕಡಿಮೆ ಮತ್ತು ಅತಿ ಹೆಚ್ಚು ಗುಣಕಗಳಿಂದ ವ್ಯಾಪ್ತಿ ಬರೆಯುತ್ತೇನೆ. ಇಲ್ಲಿ 2.73ರಿಂದ 3.0, ಅಂದರೆ ರಜೆ ಲೆಕ್ಕಕ್ಕೆ ಹಿಡಿಯುವ ಮುಂಚೆ 553ರಿಂದ 608. ಪೂರ್ಣತೆ, ಅಂದರೆ ಅಂದಾಜು ಒಟ್ಟು ಸಾವುಗಳಲ್ಲಿ ಈಗಾಗಲೇ ಕಂಡ ಪಾಲು, ಶೇ 50ಕ್ಕಿಂತ ಕಡಿಮೆ ಇರುವ ವಾರಗಳನ್ನು ಗ್ರಾಫಿನಲ್ಲಿ ತೋರಿಸುವುದೇ ಇಲ್ಲ. ಶೇ 50ರಿಂದ 90ರ ನಡುವಿನದನ್ನು ಬೂದು ಬಣ್ಣದಲ್ಲಿ, ಚುಕ್ಕೆ ಗೆರೆಯಲ್ಲಿ ಹಾಕುತ್ತೇನೆ. ಕೋವಿಡ್ ಕಾಲದಲ್ಲಿ ಸ್ವೀಡನ್ ಸಾವಿನ ದಿನಾಂಕದ ಪ್ರಕಾರ ನಿತ್ಯ ಪ್ರಕಟಿಸುತ್ತಿದ್ದ ಗ್ರಾಫಿನ ಬಲತುದಿ ಯಾವಾಗ ನೋಡಿದರೂ ಇಳಿಯುತ್ತಿರುವಂತೆ ಕಾಣುತ್ತಿತ್ತು. ಸಾವಿನ ದಿನಕ್ಕೆ ಎಣಿಸುವುದು ಸರಿಯಾದ ಕ್ರಮವೇ. ತುದಿಯನ್ನು ಬೇರೆ ಬಣ್ಣದಲ್ಲಿ ತೋರಿಸದಿದ್ದರೆ ಓದುವವರು ಮೋಸಹೋಗುತ್ತಾರೆ.

ಈ ಲೆಕ್ಕ ಕೆಡುವುದು ಹೆಚ್ಚಾಗಿ ಬಾಕಿ ಕಡತಗಳು ಒಟ್ಟಿಗೆ ಬಂದಾಗ. ಒಂದೇ ದಿನ ಸಾವಿರಾರು ನಮೂದುಗಳು ಬಂದರೆ ಮೊದಲು ಅವುಗಳ ಸಾವಿನ ದಿನಾಂಕ ಎಷ್ಟು ಹರಡಿವೆ ನೋಡಿ. ಆರು ತಿಂಗಳುದ್ದಕ್ಕೂ ಹರಡಿದ್ದರೆ ಬಾಕಿ ಕೆಲಸ ಮುಗಿಸಿದ್ದಾರೆ. ಆ ಒಂದು ಬಿಡುಗಡೆಯನ್ನು ಗುಣಕದ ಲೆಕ್ಕದಿಂದ ಹೊರಗಿಡಿ, ಇಲ್ಲವಾದರೆ ಮುಂದಿನ ಎಲ್ಲ ಅಂದಾಜೂ ಉಬ್ಬುತ್ತದೆ. 2020ರ ಏಪ್ರಿಲ್ 17ರಂದು ಚೀನಾದ ವುಹಾನ್ ಒಂದೇ ಸಲ 1,290 ಕೋವಿಡ್ ಸಾವುಗಳನ್ನು ಸೇರಿಸಿ ಒಟ್ಟು 3,869 ಎಂದಿತು. ಇಂಥ ಸೇರ್ಪಡೆಯ ಜೊತೆಗೆ ಸಾವಿನ ದಿನಾಂಕವಾರು ಹಂಚಿಕೆಯನ್ನು ಕೊಡದಿದ್ದರೆ ಹೊರಗಿನವರಿಗೆ ಪರಿಶೀಲಿಸಲು ದಾರಿಯೇ ಉಳಿಯುವುದಿಲ್ಲ, ಅನುಮಾನ ಉಳಿಯುತ್ತದೆ. ಅನುಮಾನಪಟ್ಟವರನ್ನು ಅದಕ್ಕೆ ದೂರಲಾಗದು.

ಸಂಖ್ಯೆ ಇಳಿಯುವುದೂ ಉಂಟು. 2020ರ ಆಗಸ್ಟ್‌ನಲ್ಲಿ ಇಂಗ್ಲೆಂಡ್ ಕೋವಿಡ್ ಲೆಕ್ಕಕ್ಕೆ ‘ಪಾಸಿಟಿವ್ ಬಂದ 28 ದಿನಗಳೊಳಗಿನ ಸಾವು’ ಎಂಬ ಮಿತಿ ಹಾಕಿದಾಗ ಒಟ್ಟು ಲೆಕ್ಕದಿಂದ 5,000ಕ್ಕೂ ಹೆಚ್ಚು ಸಾವುಗಳು ಒಂದೇ ದಿನ ಹೊರಬಿದ್ದವು. ಬದಲಾದದ್ದು ವ್ಯಾಖ್ಯೆ. ಹಾಗಾಗಿ ನನ್ನ ಹಾಳೆಯಲ್ಲಿ ವ್ಯಾಖ್ಯೆಗೂ ಒಂದು ಕಾಲಂ ಇದೆ, ಬದಲಾದ ದಿನ ಅಲ್ಲಿ ಗೆರೆ ಎಳೆಯುತ್ತೇನೆ. ಗೆರೆಯ ಎರಡೂ ಬದಿಯ ಅಂಕಿಗಳನ್ನು ಒಂದೇ ಸರಣಿ ಎಂದು ಜೋಡಿಸುವುದಿಲ್ಲ.

ಕಾರಣದ ಜಗಳದಿಂದ ದೂರ ನಿಲ್ಲಬೇಕೆಂದರೆ ಎಲ್ಲ ಕಾರಣಗಳ ಸಾವನ್ನು ಹಿಂದಿನ ವರ್ಷಗಳೊಂದಿಗೆ ಹೋಲಿಸುವುದು ಉತ್ತಮ. ಮರಿಯಾ ಚಂಡಮಾರುತ 2017ರ ಸೆಪ್ಟೆಂಬರ್ 20ರಂದು ಅಮೆರಿಕದ ಅಧೀನದ ದ್ವೀಪ ಪೋರ್ಟೊರಿಕೊಗೆ ಅಪ್ಪಳಿಸಿದ ಮೇಲೆ ಅಧಿಕೃತ ಸಾವು ಬಹುಕಾಲ 64ರಲ್ಲೇ ನಿಂತಿತ್ತು. 2018ರ ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನದ ನಂತರ ಅದು 2,975 ಆಯಿತು. ಅನುಮಾನ ನಿಜವಾಗಿತ್ತು. ಆದರೆ ಹೆಣಗಳನ್ನು ಲೆಕ್ಕದಿಂದ ಬಚ್ಚಿಟ್ಟದ್ದರಿಂದ ಆದ ವ್ಯತ್ಯಾಸ ಅದಲ್ಲ. ವಿಪತ್ತಿನಿಂದಾದ ಸಾವು ಎಂದು ಪ್ರಮಾಣ ಪತ್ರದಲ್ಲಿ ಹೇಗೆ ಬರೆಯಬೇಕೆಂಬ ತರಬೇತಿ ವೈದ್ಯರಿಗೆ ಇರಲಿಲ್ಲ. ಸಾವುಗಳು ನೋಂದಣಿ ಪುಸ್ತಕದಲ್ಲಿ ಇದ್ದವು, ಚಂಡಮಾರುತದ ಹೆಸರು ಅವುಗಳ ಪಕ್ಕದಲ್ಲಿ ಇರಲಿಲ್ಲ.

ಹೋಲಿಕೆಗೂ ಒಂದು ಎಚ್ಚರ ಬೇಕು. ಭಾರತದಲ್ಲಿ ನೋಂದಣಿಯಾದ ಸಾವುಗಳು 2018ರಲ್ಲಿ 69.5 ಲಕ್ಷ, 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ ಸುಮಾರು 1.02 ಕೋಟಿ. ಯಾವ ಸಾಂಕ್ರಾಮಿಕವೂ ಇಲ್ಲದ 2019ರಲ್ಲೇ 6.9 ಲಕ್ಷ ಏರಿದೆ, ಏಕೆಂದರೆ ಮೊದಲು ಬರೆಸದವರು ಬರೆಸತೊಡಗಿದ್ದರು. ಹಾಗಾಗಿ 2020ರ 4.8 ಲಕ್ಷದ ಏರಿಕೆಯನ್ನು ನೇರವಾಗಿ ಹೆಚ್ಚುವರಿ ಸಾವು (ಸಾಮಾನ್ಯ ವರ್ಷದಲ್ಲಿ ನಿರೀಕ್ಷಿಸುವುದಕ್ಕಿಂತ ಮೇಲಿನ ಸಾವು) ಎನ್ನಲೂ ಆಗದು, ಏನೂ ಆಗಲಿಲ್ಲ ಎನ್ನಲೂ ಆಗದು. ನೋಂದಣಿಯ ಸುಧಾರಣೆಯೂ ಸಾವಿನ ಏರಿಕೆಯೂ ಒಂದೇ ಅಂಕಿಯಲ್ಲಿ ಬೆರೆತಿವೆ. 2021ರ ಸುಮಾರು 21 ಲಕ್ಷದ ಜಿಗಿತ ಬರೀ ಸುಧಾರಣೆಯಿಂದ ಬರುವಂಥದ್ದಲ್ಲ. ಆ ಅಂಕಿ ಪ್ರಕಟವಾದದ್ದು 2025ರ ಮೇ ತಿಂಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2020 ಮತ್ತು 2021 ಸೇರಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಎಂದು 2022ರ ಮೇ ತಿಂಗಳಲ್ಲಿ ಅಂದಾಜಿಸಿದಾಗ, ಸರ್ಕಾರ ಅದನ್ನು ಒಪ್ಪಲಿಲ್ಲ. ಪಕ್ಕದಲ್ಲಿಟ್ಟು ಹೋಲಿಸಲು 2021ರ ನೋಂದಣಿ ಲೆಕ್ಕ ಜನರ ಮುಂದೆ ಇರಲಿಲ್ಲ. ಮೂರು ವರ್ಷದ ಆ ಖಾಲಿ ಜಾಗ ವಾದವಿವಾದದಿಂದ ತುಂಬಿತು.

ಒಬ್ಬ ವ್ಯಕ್ತಿಯ ದಾಖಲೆ ಸಿಗುತ್ತಿಲ್ಲ ಎಂಬ ಅನುಮಾನಕ್ಕೆ ದಾರಿ ಬೇರೆ. ಸಾವು ಎಲ್ಲಿ ಸಂಭವಿಸಿತೋ ಅಲ್ಲಿ ನೋಂದಣಿಯಾಗುವುದು ಅನೇಕ ಕಡೆ ನಿಯಮ, ವಾಸದ ಊರಿನಲ್ಲಲ್ಲ. ಮೊದಲು ಆಸ್ಪತ್ರೆಯಿರುವ ಊರಿನಲ್ಲಿ ಹುಡುಕಿ. ಹೆಸರಿನ ಮೂರು ನಾಲ್ಕು ಕಾಗುಣಿತ, ಇನಿಷಿಯಲ್ ಹಿಂದೆ ಮುಂದೆ ಮಾಡಿ, ದಿನಾಂಕಕ್ಕೆ ಹಿಂದೆ ಮುಂದೆ ಏಳು ದಿನ ಬಿಟ್ಟು ನೋಡಿ. ಆಮೇಲೆ ಆ ಸೂಚಿ ಯಾವ ದಿನದವರೆಗಿನದು, ಯಾವುದನ್ನು ಕಾನೂನೇ ತಡೆದಿದೆ ಎಂದು ಕೇಳಿ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿಯ ಸಾರ್ವಜನಿಕ ಮರಣ ಫೈಲಿನಿಂದ 2011ರ ನವೆಂಬರ್‌ನಲ್ಲಿ ಸುಮಾರು 42 ಲಕ್ಷ ನಮೂದುಗಳನ್ನು ತೆಗೆದರು, ರಾಜ್ಯಗಳಿಂದ ಬಂದ ಮಾಹಿತಿಯನ್ನು ಹೊರಗೆ ಹಂಚಲು ಅಧಿಕಾರವಿಲ್ಲ ಎಂಬ ಕಾರಣಕ್ಕೆ. 2013ರ ಕಾನೂನು ಸತ್ತ ನಂತರದ ಮೂರು ವರ್ಷಗಳ ದಾಖಲೆಯನ್ನು ಅರ್ಹತೆ ತೋರಿಸಿದವರಿಗೆ ಮಾತ್ರ ಸೀಮಿತಗೊಳಿಸಿತು. ಹೆಸರು ಕಾಣಲಿಲ್ಲವೆಂದರೆ ಬದುಕಿದ್ದಾರೆ ಎಂದಾಗಲಿ, ಮುಚ್ಚಿಟ್ಟಿದ್ದಾರೆ ಎಂದಾಗಲಿ ಅರ್ಥವಲ್ಲ. ಕಚೇರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣ ಪತ್ರವನ್ನು, ಯಾವ ಅವಧಿಯಲ್ಲಿ ಹುಡುಕಿದರು ಎಂಬುದರ ಸಮೇತ ಪಡೆಯಿರಿ. ಬಾಯಿಮಾತಿನ ‘ಇಲ್ಲ’ ಯಾವುದಕ್ಕೂ ಬಾರದು.

ಇದರ ಇನ್ನೊಂದು ಮಗ್ಗುಲೆಂದರೆ ಸತ್ತವರು ಕಾಗದದಲ್ಲಿ ಬದುಕಿರುವುದು. ಜಪಾನಿನಲ್ಲಿ 2010ರಲ್ಲಿ ಪರಿಶೀಲಿಸಿದಾಗ ನೂರು ದಾಟಿ, ಎಲ್ಲಿದ್ದಾರೆಂದೇ ತಿಳಿಯದ 2.3 ಲಕ್ಷಕ್ಕೂ ಹೆಚ್ಚು ಹೆಸರುಗಳು ಕುಟುಂಬ ಪುಸ್ತಕಗಳಲ್ಲಿ ಸಿಕ್ಕವು. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿಯ 2023ರ ಲೆಕ್ಕ ಪರಿಶೋಧನೆ, 1920 ಅಥವಾ ಅದಕ್ಕೂ ಮುಂಚೆ ಹುಟ್ಟಿ ಸಾವಿನ ಮಾಹಿತಿ ಇಲ್ಲದ 1.89 ಕೋಟಿ ನಮೂದುಗಳನ್ನು ಪತ್ತೆಹಚ್ಚಿತು. ಅವರಲ್ಲಿ ಹಣ ಪಡೆಯುತ್ತಿದ್ದವರು ಸುಮಾರು 44,000. ನಮೂದಿನ ಪಟ್ಟಿ ಬೇರೆ, ಪಾವತಿಯ ಪಟ್ಟಿ ಬೇರೆ. ಎರಡನ್ನೂ ಜೋಡಿಸಿ ನೋಡುವ ಮುಂಚೆ ವಂಚನೆ ಎನ್ನಬಾರದು.

ವಿಳಂಬದಿಂದ ವಿವರಿಸಲಾಗದ ಗುರುತುಗಳೂ ಇವೆ. ಒಂದೇ ಕಾರಣದ ಅಥವಾ ಒಂದೇ ಜಾಗದ ವಿಳಂಬ ಮಾತ್ರ ಇದ್ದಕ್ಕಿದ್ದಂತೆ ಹಿಗ್ಗುವುದು, ನೋಂದಣಿ ಕ್ರಮಸಂಖ್ಯೆಯಲ್ಲಿ ಟಿಪ್ಪಣಿಯಿಲ್ಲದ ಬಿಟ್ಟ ಜಾಗ, ಹಳೆಯ ವಾರದ ಅಂಕಿ ತಿದ್ದುಪಡಿಯ ಸೂಚನೆಯಿಲ್ಲದೆ ಇಳಿಯುವುದು, ಸ್ಮಶಾನ ಮತ್ತು ಚಿತಾಗಾರಗಳ ಎಣಿಕೆ ನೋಂದಣಿಗಿಂತ ತಿಂಗಳುಗಟ್ಟಲೆ ಮೇಲಿರುವುದು. ಇವುಗಳಲ್ಲಿ ಒಂದು ಕಂಡರೂ ಇಲಾಖೆಗೆ ಬರೆಯುತ್ತೇನೆ. ಬರೆಯುವಾಗ ಆರೋಪ ಮಾಡದೆ ನಾಲ್ಕು ಪ್ರಶ್ನೆ ಮಾತ್ರ ಇಡುತ್ತೇನೆ: ಈ ಕಾಲಂ ಯಾವ ದಿನಾಂಕ? ಸಾವಿನಿಂದ ನೋಂದಣಿಗೆ ಮಧ್ಯಾಂಕ ವಿಳಂಬ (ಅರ್ಧದಷ್ಟು ಸಾವುಗಳು ನೋಂದಣಿಯಾಗಲು ಹಿಡಿಯುವ ಅವಧಿ) ಎಷ್ಟು ದಿನ? ಕಾರಣ ಬಾಕಿ ಇರುವ ನಮೂದುಗಳೆಷ್ಟು? ಹಿಂದಿನ ಬಿಡುಗಡೆಗಳ ಪ್ರತಿ ಎಲ್ಲಿ ಸಿಗುತ್ತದೆ? ನಾಲ್ಕನೆಯದಕ್ಕೆ ಉತ್ತರ ಬರದಿದ್ದರೆ ಅಂದಿನಿಂದಲೇ ಪ್ರತಿ ಬಿಡುಗಡೆಯನ್ನೂ ಇಳಿಸಿಕೊಳ್ಳತೊಡಗುತ್ತೇನೆ. ಹನ್ನೆರಡು ವಾರಕ್ಕೆ ತ್ರಿಕೋನ ಸಿದ್ಧವಾಗಿರುತ್ತದೆ.