ಪ್ರೊಮೋಟರ್ ಸ್ವಂತ ದುಡ್ಡಲ್ಲಿ ಶೇರ್ ತಗೊಂಡ್ರೆ ಅದನ್ನ ಓದೋದು ಹೇಗೆ

ಇನ್‌ಸೈಡರ್ ಟ್ರೇಡಿಂಗ್ ಅಂದ ತಕ್ಷಣ ಕಳ್ಳ ವ್ಯವಹಾರ, ಶೇರು ಮಾರ್ಕೆಟ್ ಮೇಲೆ ಕಣ್ಣಿಡೋ ಸೆಬಿಯ ದಂಡ ಇಂಥದ್ದೇ ತಲೆಗೆ ಬರತ್ತೆ. ಆದ್ರೆ ಎನ್‌ಎಸ್‌ಇ ಎಕ್ಸ್‌ಚೇಂಜಿನ ವೆಬ್‌ಸೈಟಲ್ಲಿ ಕಾರ್ಪೊರೇಟ್ ಫೈಲಿಂಗ್ಸ್ ಒಳಗೆ ಇನ್‌ಸೈಡರ್ ಟ್ರೇಡಿಂಗ್ ಅಂತಾನೇ ಒಂದು ಪೇಜ್ ಇದೆ, ಬಿಎಸ್‌ಇಲೂ ಇದೆ, ಅಲ್ಲಿರೋದು ಕಂಪನಿ ಒಳಗಿನವರು ಕಾನೂನು ಪ್ರಕಾರ ತಗೊಂಡು ಮಾರಿ ರಿಪೋರ್ಟ್ ಮಾಡಿದ ಲೆಕ್ಕ. ಕಾಸು ಕೊಡ್ಬೇಕಿಲ್ಲ, ಲಾಗಿನ್ ಬೇಕಿಲ್ಲ. ಟಿಪ್ಸ್ ಗ್ರೂಪಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಕಟ್ಟೋ ಜನ ಈ ಪೇಜ್ ಒಂದ್ಸಲಾನೂ ತೆಗ್ದು ನೋಡಿರಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಿಯಮ ಸೆಬಿಯ 2015ರದ್ದು. ಪ್ರೊಮೋಟರ್ (ಕಂಪನಿ ಕಟ್ಟಿದ ಅಥವಾ ಅದರ ಹಿಡಿತ ಇರೋ ಮಾಲೀಕರು), ಡೈರೆಕ್ಟರ್, ಕಂಪನಿ ಗುರುತಿಸಿರೋ ದೊಡ್ಡ ಹುದ್ದೆಯವರು ಒಂದು ತ್ರೈಮಾಸಿಕದಲ್ಲಿ ಒಟ್ಟು 10 ಲಕ್ಷ ರೂಪಾಯಿಗಿಂತ ಜಾಸ್ತಿ ವ್ಯವಹಾರ ಮಾಡಿದ್ರೆ 2 ಟ್ರೇಡಿಂಗ್ ದಿನದೊಳಗೆ ಕಂಪನಿಗೆ ಹೇಳ್ಬೇಕು, ಕಂಪನಿ ಇನ್ನೆರಡು ದಿನದೊಳಗೆ ಎಕ್ಸ್‌ಚೇಂಜಿಗೆ ಹೇಳ್ಬೇಕು. ಅಂದ್ರೆ ನಮಗೆ ಸುದ್ದಿ ಸಿಗೋದು ಕೆಲವು ದಿನ ತಡವಾಗಿ ಅಷ್ಟೇ, ಮತ್ತೆ ಇದು ಇಂಟ್ರಾಡೇಗೆ (ಅವತ್ತೇ ತಗೊಂಡು ಅವತ್ತೇ ಮಾರೋದಕ್ಕೆ) ಆಗೋ ವಿಷಯಾನೇ ಅಲ್ಲ. ಇನ್ನೊಂದು ನಿಯಮ ನಂಗೆ ತುಂಬಾ ಮುಖ್ಯ ಅನ್ಸತ್ತೆ, ಇವ್ರು ಇವತ್ತು ತಗೊಂಡ್ರೆ ಮುಂದಿನ 6 ತಿಂಗಳು ಮಾರೋ ಹಾಗಿಲ್ಲ, ಮಾರಿದ್ರೆ ಲಾಭ ವಾಪಸ್ ಕಟ್ಬೇಕು. ಹಾಗಾಗಿ ತಗೊಳ್ಳೋವಾಗ ಆರು ತಿಂಗಳಾಚೆಗೂ ಯೋಚನೆ ಮಾಡೇ ತಗೊಂಡಿರ್ತಾರೆ.

ಪೇಜ್ ತೆಗ್ದ ಮೇಲೆ ಮೊದ್ಲು ನೋಡ್ಬೇಕಾದ ಕಾಲಂ ರೇಟೂ ಅಲ್ಲ, ಎಷ್ಟು ಶೇರು ಅನ್ನೋದೂ ಅಲ್ಲ, ಶೇರು ಯಾವ ದಾರೀಲಿ ಬಂತು ಅನ್ನೋದು. ನಾನು ಇಲ್ಲೇ ಪೆಟ್ಟು ತಿಂದಿದ್ದು. ಒಂದು ಚಿಕ್ಕ ಕಂಪನಿಲಿ ಪ್ರೊಮೋಟರ್ ಹೆಸರಿಗೆ ಕೋಟಿಗಟ್ಲೆ ಬೆಲೆಯ ಶೇರು ಬಂದಿದ್ದು ಕಾಣಿಸ್ತು, ಆಹಾ ಇಷ್ಟು ದುಡ್ಡು ಹಾಕಿದಾರೆ ಅಂದ್ರೆ ಏನೋ ಇದೆ ಅಂತ ನಾನೂ ತಗೊಂಡೆ, ಆಮೇಲೆ ಫೈಲಿಂಗ್ ಪೂರ್ತಿ ಓದಿದ್ರೆ ಅದು ಅಪ್ಪ ಮಗನಿಗೆ ಗಿಫ್ಟ್ ಕೊಟ್ಟಿದ್ದು. ಒಂದು ರೂಪಾಯಿನೂ ಹೊರಗಡೆಯಿಂದ ಬಂದಿರ್ಲಿಲ್ಲ, ಮನೆಯೊಳಗಿನ ಆಸ್ತಿ ಪಾಲು ಅಷ್ಟೇ. ಆ ಶೇರಲ್ಲಿ ಹೋದ ದುಡ್ಡು ವಾಪಸ್ ಬರ್ಲಿಲ್ಲ.

ಹಾಗಾಗಿ ಗಿಫ್ಟ್, ಮನೆಯವರ ಮಧ್ಯೆ ನಡೆಯೋ ಇಂಟರ್ ಸೆ ಟ್ರಾನ್ಸ್‌ಫರ್, ಆಫ್ ಮಾರ್ಕೆಟ್ (ಎಕ್ಸ್‌ಚೇಂಜ್ ಹೊರಗೆ ಕೈ ಬದಲಾಗಿದ್ದು), ಈಸಾಪ್ (ಕಂಪನಿ ತನ್ನ ನೌಕರರಿಗೆ ಕೊಡೋ ಶೇರು), ಬೋನಸ್ ಇವನ್ನೆಲ್ಲ ಪಕ್ಕಕ್ಕಿಡಿ, ಮಾರ್ಕೆಟ್ ಪರ್ಚೇಸ್ ಅಂತ ಇರೋದನ್ನ ಮಾತ್ರ ಉಳಿಸ್ಕೊಳ್ಳಿ. ವಾರಂಟ್ (ಮುಂದೆ ಗೊತ್ತಾದ ರೇಟಿಗೆ ಶೇರು ತಗೊಳ್ಳೋ ಹಕ್ಕು) ಮತ್ತೆ ಪ್ರಿಫರೆನ್ಷಿಯಲ್ ಅಲಾಟ್‌ಮೆಂಟ್ (ಆಯ್ದವರಿಗೆ ಕಂಪನಿನೇ ಹೊಸ ಶೇರು ಕೊಡೋದು) ಬೇರೆ ಲೆಕ್ಕ, ಅಲ್ಲಿ ದುಡ್ಡು ಕಂಪನಿಗೇ ಹೋಗತ್ತೆ ಅದು ಒಳ್ಳೇದೇ, ಆದ್ರೆ ವಾರಂಟಲ್ಲಿ ಮೊದ್ಲು ಕಟ್ಟೋದು ಕಾಲು ಭಾಗ, ಉಳಿದಿದ್ದಕ್ಕೆ 18 ತಿಂಗಳು ಟೈಮು, ರೇಟ್ ಬಿದ್ರೆ ಬಿಟ್ಟೂ ಬಿಡ್ಬೋದು. ನಾವು ನೀವು ತಗೊಳ್ಳೋ ಥರಾನೇ ಪೂರ್ತಿ ದುಡ್ಡು ಕೊಟ್ಟು, ಅದೇ ರೇಟಿಗೆ, ಮಾರ್ಕೆಟ್ಟಲ್ಲಿ ತಗೊಂಡಿದ್ಕೆ ಇರೋ ತೂಕ ಅದಕ್ಕಿಲ್ಲ.

ಆಮೇಲೆ ಮೊತ್ತ. ಇದನ್ನ ಆ ವ್ಯಕ್ತಿಗೆ ಹೋಲಿಸಿ ನೋಡ್ಬೇಕು. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ಪ್ರೊಮೋಟರ್ ಹತ್ರ ಆಗ್ಲೇ 5.5 ಕೋಟಿ ಶೇರಿದೆ, 120 ರೂಪಾಯಿ ರೇಟಲ್ಲಿ ಇನ್ನೂ 20,000 ಶೇರು ತಗೊಂಡ್ರು. 24 ಲಕ್ಷ ಅಂದ್ರೆ ನಮಗೆ ದೊಡ್ಡದು, ಆದ್ರೆ ಅವರ ಪಾಲಿಗೆ ಸೇರಿದ್ದು 0.036%, ಪೇಪರಲ್ಲಿ ಹೆಸರು ಬರ್ಲಿ ಅಂತಾನೂ ತಗೊಂಡಿರ್ಬೋದು. ಅದೇ 24 ಲಕ್ಷಾನ ವರ್ಷಕ್ಕೆ 60 ಲಕ್ಷ ಸಂಬಳ ಇರೋ ಸಿಎಫ್‌ಒ (ಕಂಪನಿಯ ಹಣಕಾಸು ಮುಖ್ಯಸ್ಥ) ಹಾಕಿದ್ರೆ? ಟ್ಯಾಕ್ಸ್ ಕಟ್ಟಿ ಕೈಗೆ ಬರೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಶೇರಿಗೆ ಸುರಿದಂಗೆ, ಅದೂ ಲೆಕ್ಕಪತ್ರ ದಿನಾ ನೋಡೋ ಮನುಷ್ಯ. ಅಂಥದ್ದು ಸಿಕ್ಕಿದ್ರೆ ನಾನು ಆ ಕಂಪನಿಯ ಆನ್ಯುಯಲ್ ರಿಪೋರ್ಟ್ ಅವತ್ತೇ ತೆಗೀತೀನಿ. ಒಬ್ರ ಬದಲು ಮೂರು ನಾಕು ಜನ ಬೇರೆ ಬೇರೆಯವ್ರು ಒಂದೇ ತಿಂಗಳಲ್ಲಿ ತಗೊಂಡಿದ್ರೆ ಇನ್ನೂ ಗಟ್ಟಿ, ಆದ್ರೆ ಗಂಡ ಹೆಂಡ್ತಿ ಮಗ ಮತ್ತೆ ಅವರದ್ದೇ ಒಂದು ಪ್ರೈವೇಟ್ ಲಿಮಿಟೆಡ್ ಇದ್ರೆ ಅದನ್ನ ನಾಕು ಅಂತ ಎಣಿಸ್ಬೇಡಿ, ಒಂದೇ ಜೇಬು.

ಯಾವಾಗ ತಗೊಂಡ್ರು ಅನ್ನೋದೂ ನೋಡಿ. ತ್ರೈಮಾಸಿಕ ಮುಗಿದ ದಿನದಿಂದ ರಿಸಲ್ಟ್ ಬಂದು 48 ಗಂಟೆ ಆಗೋ ತನಕ ಟ್ರೇಡಿಂಗ್ ವಿಂಡೋ ಮುಚ್ಚಿರತ್ತೆ, ಅಂದ್ರೆ ಒಳಗಿನವರು ಶೇರು ತಗೊಳ್ಳೋ ಮಾರೋ ಹಾಗಿಲ್ಲ, ಅದಕ್ಕೇ ಇಂಥ ಫೈಲಿಂಗ್‌ಗಳು ರಿಸಲ್ಟ್ ಆದ್ಮೇಲೆ ಒಟ್ಟೊಟ್ಟಿಗೆ ಬರ್ತಾವೆ. ರಿಸಲ್ಟ್ ಕೆಟ್ಟದಾಗಿ ಬಂದು, ಶೇರು 15-20% ಬಿದ್ದು, ವಿಂಡೋ ತೆಗೆದ ವಾರಾನೇ ಒಳಗಿನವರು ತಗೊಳ್ಳೋಕೆ ಶುರು ಮಾಡಿದ್ರೆ ಅದು ನಾನು ಹುಡುಕೋ ದೃಶ್ಯ. ಶೇರು ಆಗ್ಲೇ ಮೂರು ಪಟ್ಟಾದ್ಮೇಲೆ ತಗೊಂಡಿದ್ದಕ್ಕೆ ನಾನು ಅಷ್ಟು ಬೆಲೆ ಕೊಡಲ್ಲ. 2020ರ ಮಾರ್ಚ್ 23ಕ್ಕೆ ಸೆನ್ಸೆಕ್ಸ್ ಒಂದೇ ದಿನ 13% ಬಿತ್ತು, ಆ ವರ್ಷ ಪ್ರೊಮೋಟರ್ ಆದ ಟಾಟಾ ಸನ್ಸ್ ತನ್ನ ಟಾಟಾ ಕೆಮಿಕಲ್ಸ್ ಶೇರನ್ನ ಮಾರ್ಕೆಟ್ಟಿಂದಾನೇ ಹಲವು ಸಲ ತಗೊಂಡಿತ್ತು, ಫೈಲಿಂಗಲ್ಲಿ ಎಲ್ರಿಗೂ ಕಾಣ್ತಿತ್ತು, 2021ರಲ್ಲಿ ಆ ಶೇರು ದುಪ್ಪಟ್ಟಿಗೂ ಮೇಲೆ ಹೋಯ್ತು. ಆದ್ರೆ ಆಗ ಇಡೀ ಮಾರ್ಕೆಟ್ಟೇ ಏರಿತ್ತು, ಪೂರ್ತಿ ಕ್ರೆಡಿಟ್ ಈ ಸಿಗ್ನಲ್ಲಿಗೆ ಕೊಡೋದು ತಪ್ಪಾಗತ್ತೆ.

ಇನ್ನು ಅಡ ಇಟ್ಟಿರೋ ಶೇರು. ಇದನ್ನ ನೋಡದೆ ದಯವಿಟ್ಟು ಯಾವ ಪ್ರೊಮೋಟರ್ ಹಿಂದೇನೂ ಹೋಗ್ಬೇಡಿ. ಶೇರ್‌ಹೋಲ್ಡಿಂಗ್ ಪ್ಯಾಟರ್ನ್ (ಯಾರ ಹತ್ರ ಎಷ್ಟು ಶೇರಿದೆ ಅನ್ನೋ ಪಟ್ಟಿ) ಪ್ರತಿ ತ್ರೈಮಾಸಿಕ ಮುಗಿದು 21 ದಿನದೊಳಗೆ ಬರತ್ತೆ, ಅದ್ರಲ್ಲಿ ಪ್ಲೆಡ್ಜ್, ಅಂದ್ರೆ ಅಡ ಇಟ್ಟಿದ್ದು, ಎಷ್ಟು ಅಂತ ಇರತ್ತೆ. ಅರ್ಧ ಪಾಲು ಅಡ ಇಟ್ಟಿರೋ ಪ್ರೊಮೋಟರ್ ಮಾರ್ಕೆಟ್ಟಲ್ಲಿ ಶೇರು ತಗೊಳ್ತಿದ್ರೆ, ರೇಟ್ ಇನ್ನೂ ಬಿದ್ರೆ ಸಾಲ ಕೊಟ್ಟವ್ರು ಶೇರು ಮಾರ್ತಾರೆ ಅನ್ನೋ ಭಯಕ್ಕೆ ರೇಟ್ ಹಿಡಿದು ನಿಲ್ಸೋಕೂ ತಗೊಳ್ತಿರ್ಬೋದು. ನಂಬಿಕೆಯಿಂದ ತಗೊಂಡಿದ್ದು, ಭಯಕ್ಕೆ ತಗೊಂಡಿದ್ದು, ಹೊರಗಿಂದ ನೋಡೋಕೆ ಎರಡೂ ಒಂದೇ ಥರ ಕಾಣತ್ತೆ.

ಬಾಯಿ ಮಾತಿಗಂತೂ ಬೆಲೆ ಕೊಡ್ಬೇಡಿ. 2018ರ ಸೆಪ್ಟೆಂಬರಲ್ಲಿ ಯೆಸ್ ಬ್ಯಾಂಕ್ ಸ್ಥಾಪಕ ರಾಣಾ ಕಪೂರ್ ತಮ್ಮ ಶೇರು ಯಾವತ್ತೂ ಮಾರಲ್ಲ ಅಂತ ಟ್ವೀಟ್ ಮಾಡಿದ್ರು, 2019 ಮುಗಿಯೋದ್ರೊಳಗೆ ಅವರ ಕಡೆಯ ಪಾಲು ಹೆಚ್ಚುಕಮ್ಮಿ ಪೂರ್ತಿ ಹೋಗಿತ್ತು, 2020ರ ಮಾರ್ಚ್ 5ಕ್ಕೆ ಆರ್‌ಬಿಐ ಆ ಬ್ಯಾಂಕ್ ಮೇಲೆ ಮೊರಟೋರಿಯಂ (ಜನ ದುಡ್ಡು ತೆಗೆಯೋದಕ್ಕೆ ಮಿತಿ) ಹಾಕ್ತು. ಟ್ವೀಟ್ ನಂಬಿ ಕೂತವರಿಗಿಂತ ಪಾಲು ಎಷ್ಟಿದೆ ಅಂತ ನೋಡ್ತಿದ್ದವರಿಗೆ ಮುಂಚೇನೇ ಗೊತ್ತಾಗ್ತಿತ್ತು. ಹಾಗಂತ ಮಾರಿದ್ದೆಲ್ಲ ಅಪಾಯ ಅಂತಲ್ಲ, ಮಗಳ ಮದ್ವೆ, ಮನೆ, ಈಸಾಪ್ ಟ್ಯಾಕ್ಸು, ಮಾರೋಕೆ ನೂರು ಕಾರಣ ಇರತ್ತೆ.

ಶುರು ಮಾಡೋವ್ರು ಮೊದ್ಲ ಆರು ತಿಂಗಳು ದುಡ್ಡು ಹಾಕ್ಬೇಡಿ. ವಾರಕ್ಕೊಂದ್ಸಲ, ಭಾನುವಾರ ಅನ್ಕೊಳ್ಳಿ, ಆ ಪೇಜಿಂದ ಲಿಸ್ಟ್ ಇಳಿಸ್ಕೊಂಡು ಮಾರ್ಕೆಟ್ ಪರ್ಚೇಸ್ ಮಾತ್ರ ಇಟ್ಟು ಒಂದು ಶೀಟಲ್ಲಿ ಬರೀರಿ, ಯಾರು, ಯಾವ ಹುದ್ದೆ, ಎಷ್ಟು ಮೊತ್ತ, ಯಾವ ರೇಟು, ಪ್ಲೆಡ್ಜ್ ಎಷ್ಟು, ಕಂಪನಿಗೆ ಸಾಲ ಎಷ್ಟು, ವ್ಯಾಪಾರದಿಂದ ನಿಜವಾಗ್ಲೂ ಕ್ಯಾಶ್ ಬರ್ತಿದ್ಯಾ. ಪಕ್ಕದಲ್ಲಿ ಅವತ್ತಿನ ನಿಫ್ಟಿನೂ ಬರೆದಿಡಿ. ಆರು ತಿಂಗಳಾದ್ಮೇಲೆ ಆ ಶೇರು ನಿಫ್ಟಿಗಿಂತ ಮುಂದಿದ್ಯಾ ಹಿಂದಿದ್ಯಾ ಅಂತ ಒಂದೊಂದಾಗಿ ನೋಡ್ಕೊಂಡು ಬನ್ನಿ, ಹಿಂದೆ ಬಿದ್ದಿರೋದ್ರಲ್ಲಿ ಪ್ಲೆಡ್ಜ್ ಕಾಲಂ ಮೊದ್ಲು ನೋಡಿ.