ಕದಡಿದ ನೀರಿಗೆ ಇಪ್ಪತ್ತು ಹನಿ ಪಟಿಕ

ಮೊದಲು ಮಳೆನೀರು ಹಿಡಿದಿಟ್ಟುಕೊಳ್ಳಿ. ಬೋರ್‌ವೆಲ್ ನೀರು ಬೇಡ. ಏಕೆಂದು ಆಮೇಲೆ ಹೇಳುತ್ತೇನೆ. ಒಂದು ಲೀಟರಿಗೆ ಒಂದು ಚಮಚ ಹೊಲದ ಮಣ್ಣು ಹಾಕಿ, ಚೆನ್ನಾಗಿ ಕಲಕಿ, ಒಂದು ಗಂಟೆ ಬಿಡಿ. ಮರಳು ತಳ ಸೇರುತ್ತದೆ. ಮೇಲೆ ಉಳಿದ ಚಹಾ ಬಣ್ಣದ ನೀರನ್ನು ಮೂರು ಗಾಜಿನ ಲೋಟಗಳಿಗೆ ತಲಾ 200 ಮಿಲಿಲೀಟರ್ ಬಗ್ಗಿಸಿ.

ಈ ನೀರು ತಾನಾಗಿ ಸುಲಭಕ್ಕೆ ತಿಳಿಯಾಗುವುದಿಲ್ಲ. ಜೇಡಿಕಣದ ಮೇಲ್ಮೈಯಲ್ಲಿ ಋಣಾವೇಶವಿರುತ್ತದೆ. ಬೆಲ್ಲಕ್ಕೆ ನೊಣ ಮುತ್ತಿದಂತೆ ಧನ ಅಯಾನುಗಳು, ಅಂದರೆ ನೀರಿನಲ್ಲಿ ಕರಗಿದ ಲವಣದ ಧನಾವೇಶದ ಕಣಗಳು, ಅದನ್ನು ಮುತ್ತಿರುತ್ತವೆ: ಕೆಲವು ಮೇಲ್ಮೈಗೇ ಅಂಟಿಕೊಂಡು, ಉಳಿದವು ತುಸು ದೂರದಲ್ಲಿ ಸುಳಿದಾಡುತ್ತ. ಮಳೆನೀರಿನಲ್ಲಿ ಲವಣ ಕಡಿಮೆ, ಹಾಗಾಗಿ ಈ ಮುತ್ತಿಗೆ ಹತ್ತಾರು ನ್ಯಾನೊಮೀಟರ್ ಹರಡಿರುತ್ತದೆ. ಎರಡು ಜೇಡಿಕಣಗಳು ಎದುರಾದರೆ ಈ ಮುತ್ತಿಗೆಗಳೇ ಅಡ್ಡ ಬಂದು ಕಣಗಳು ದೂರ ಸರಿಯುತ್ತವೆ. ನೀರಿಗೆ ಲವಣ ಸೇರಿಸಿದರೆ ಮುತ್ತಿಗೆ ಕುಗ್ಗುತ್ತದೆ, ಕಣಗಳು ಹತ್ತಿರ ಬಂದು ಕೂಡಿಕೊಂಡು ತಳ ಸೇರುತ್ತವೆ.

ಮೊದಲ ಲೋಟವನ್ನು ಮುಟ್ಟಬೇಡಿ. ಎರಡನೆಯದಕ್ಕೆ ಅರ್ಧ ಚಮಚ, ಅಂದರೆ ಸುಮಾರು 3 ಗ್ರಾಂ, ಪುಡಿ ಉಪ್ಪು. ಮೂರನೆಯದಕ್ಕೆ ಪಟಿಕ: 1 ಗ್ರಾಂ ಪುಡಿಯನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಅದರಲ್ಲಿ 20 ಹನಿ ಮಾತ್ರ. ಈ ಎರಡನ್ನೂ ಒಂದು ನಿಮಿಷ ಜೋರಾಗಿ ಕಲಕಿ, ಆಮೇಲೆ ಐದು ನಿಮಿಷ ನಿಧಾನವಾಗಿ. ಜೋರಾಗಿಯೇ ಕಲಕುತ್ತ ಹೋದರೆ ಕೂಡಿಕೊಂಡ ಕಣಗಳು ಮತ್ತೆ ಒಡೆಯುತ್ತವೆ.

ಈಗ ಮೂರನೆಯ ಲೋಟವನ್ನು ಬೆಳಕಿಗೆ ಹಿಡಿದು ನೋಡಿ. ಹಾಲು ಒಡೆದಂತೆ ಸಣ್ಣ ಸಣ್ಣ ಗರಣೆ ಕಟ್ಟಿ ಕೆಳಗಿಳಿಯುತ್ತಿರುತ್ತದೆ. ಆ ಹನಿಗಳಲ್ಲಿರುವ ಪಟಿಕ ಸುಮಾರು 10 ಮಿಲಿಗ್ರಾಂ. ಪಕ್ಕದ ಲೋಟದ ಉಪ್ಪಿನ ಮುನ್ನೂರರಲ್ಲಿ ಒಂದು ಪಾಲು! ಉಪ್ಪಿನ ಸೋಡಿಯಂ ಅಯಾನಿಗೆ ಒಂದು ಧನಾವೇಶ, ಪಟಿಕದ ಅಲ್ಯೂಮಿನಿಯಂಗೆ ಮೂರು. ಆವೇಶ ಏರಿದಷ್ಟೂ ಬೇಕಾಗುವ ಪ್ರಮಾಣ ಸರ್ರನೆ ಇಳಿಯುತ್ತದೆ. 1882ರಲ್ಲಿ ಶುಲ್ಟ್ಸೆ, 1900ರಲ್ಲಿ ಹಾರ್ಡಿ ಎಂಬ ವಿಜ್ಞಾನಿಗಳು ಕಂಡುಕೊಂಡದ್ದು ಇದನ್ನೇ. ಜೊತೆಗೆ ಅಲ್ಯೂಮಿನಿಯಂ ನೀರಿನೊಡನೆ ವರ್ತಿಸಿ ಲೋಳೆಯಂಥ ಹೈಡ್ರಾಕ್ಸೈಡ್ ಆಗಿ ಕಣಗಳನ್ನು ಬಾಚಿಕೊಂಡು ಇಳಿಯುವುದೂ ಉಂಟು.

ಬೋರ್‌ವೆಲ್ ನೀರಿನ ಕಥೆ ಹೇಳಬೇಕಲ್ಲ. ನಾನು ಮೇಷ್ಟರಾಗಿದ್ದಾಗ ಒಮ್ಮೆ ಅವಸರಕ್ಕೆ ಅದನ್ನೇ ಬಳಸಿದೆ. ಏನೂ ಹಾಕದ ಲೋಟವೂ ಪಾಠ ಮುಗಿಯುವುದರೊಳಗೆ ತಿಳಿಯಾಗಿ ಕುಳಿತಿತು, ಹುಡುಗರು ಗೊಳ್ಳೆಂದು ನಕ್ಕರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ನನಗಿಂತ ಮೊದಲೇ ಕೆಲಸ ಮುಗಿಸಿದ್ದವು.

ಪಟಿಕವನ್ನು ಮಿತಿಮೀರಿ ಹಾಕಿದರೆ ಕಣದ ಮೇಲ್ಮೈಯೇ ಧನಾವೇಶಕ್ಕೆ ತಿರುಗಿ ನೀರು ಮತ್ತೆ ಕದಡಿಕೊಳ್ಳಬಹುದು. ನಮ್ಮವ್ವ ಕೆರೆ ನೀರಿನ ಕೊಡದಲ್ಲಿ ಪಟಿಕದ ಗಟ್ಟಿಯನ್ನು ಎರಡೇ ಸುತ್ತು ತಿರುಗಿಸಿ ಎತ್ತಿಬಿಡುತ್ತಿದ್ದಳು. ತಿಳಿಯಾದ ಮೇಲೆ ಕುದಿಸದೆ ಯಾರಿಗೂ ಕುಡಿಯಲು ಕೊಡುತ್ತಿರಲಿಲ್ಲ. ಇನ್ನೊಂದು ಸುತ್ತು ನಾನು ಹಾಕುತ್ತೇನೆಂದರೆ, "ನೀರು ಒಗರಾಗುತ್ತದೆ, ಕೈ ತೆಗೆ" ಎಂದು ಗದರುತ್ತಿದ್ದಳು.